ಹಾರುವ ಉಕ್ಕಿನ ಗುಂಡು: ಸಿ.ಜಿ. (ಕಂಪ್ಯೂಟರ್ ಗ್ರಾಫಿಕ್ಸ್) ಇಲ್ಲದೆ ನಾನು ಮಾಡಿದ ಬಗೆ

‘ಸಿ.ಜಿ. ಮಾಡಿಸು ಗುರು, ಎಸೆದು ಶೂಟ್ ಮಾಡೋ ಕಾಲ ಹೋಯ್ತು’ ಎಂದು ನನ್ನ ಎಡಿಟರ್ ಗೆಳೆಯ ಕನಿಷ್ಠ ಮೂರು ಸಲ ಹೇಳಿದ್ದ. ಕ್ಯಾಮೆರಾ ಮಾಡಿದವನೂ ಅದನ್ನೇ ಹೇಳಿದ್ದ. ಈಗ ಹನ್ನೊಂದು ನಿಮಿಷದ ನನ್ನ ಕಿರುಚಿತ್ರ ಮುಗಿದಿದೆ. ಉಕ್ಕಿನ ಗುಂಡು ಹಾರುವ ಒಂಬತ್ತು ಶಾಟ್‌ಗಳಿವೆ. ಒಂದರಲ್ಲೂ ಸಿ.ಜಿ. ಇಲ್ಲ.

ಹಾರಿ ಬಂದು ಹಣೆಗೆ ಚುಚ್ಚುವ ಈ ಗುಂಡಿನ ಮೂಲ ಅಮೆರಿಕದ ಒಂದು ಹಾರರ್ ಸಿನಿಮಾ. ಡಾನ್ ಕಾಸ್ಕರೆಲಿಯ ‘ಫ್ಯಾಂಟಾಸಮ್’, 1979. ಬರೆದದ್ದು, ನಿರ್ದೇಶಿಸಿದ್ದು, ಶೂಟ್ ಮಾಡಿದ್ದು, ಎಡಿಟ್ ಮಾಡಿದ್ದು ಎಲ್ಲಾ ಅವರೇ. ಖರ್ಚು ಸುಮಾರು 3 ಲಕ್ಷ ಡಾಲರ್. ಕಥೆಗೆ ತಲೆ ಬುಡ ಇಲ್ಲ ಎನ್ನುವವರು ಜಾಸ್ತಿ. ನಾನು ಒಪ್ಪುವುದಿಲ್ಲ. ಅಪ್ಪ ಅಮ್ಮ ಇಲ್ಲದ ಹದಿಮೂರರ ಹುಡುಗನಿಗೆ ಅಣ್ಣನೂ ಬಿಟ್ಟು ಹೋಗುತ್ತಾನೆ ಎಂಬ ಭಯ. ಹೆಣಗಳನ್ನು ಕುಗ್ಗಿಸಿ ಬೇರೆ ಲೋಕಕ್ಕೆ ಆಳುಗಳಾಗಿ ಸಾಗಿಸುವುದು, ಎರಡು ಕಂಬಗಳ ನಡುವಿನ ಬಾಗಿಲು, ಎಲ್ಲವೂ ಆ ಭಯದ ಕನಸಿನ ಹಾಗೇ ಬರುತ್ತವೆ. ಕನಸಿಗೆ ಲೆಕ್ಕ ಕೇಳಬಾರದು. ಬೆರಳು ಹುಳುವಾಗುವ ದೃಶ್ಯ ಮಾತ್ರ ನನಗೆ ಇವತ್ತಿಗೂ ಹಿಡಿಸಿಲ್ಲ. ಅದು ಗೊಂಬೆ ಅಂತ ಗೊತ್ತಾಗಿಬಿಡುತ್ತದೆ.

ಗುಂಡು ತೆರೆಯ ಮೇಲಿರುವುದು ಸ್ವಲ್ಪವೇ ಹೊತ್ತು. ಆದರೂ ಎಲ್ಲರಿಗೂ ನೆನಪಿರುವುದು ಅದೇ. ಅದಕ್ಕೆ ತೂಕ ಇದೆ, ಅಷ್ಟೇ ಕಾರಣ. ಕ್ಯಾಮೆರಾದ ಹಿಂದಿನಿಂದ ಒಬ್ಬ ಬೇಸ್‌ಬಾಲ್ ಪಿಚರ್ (ಚೆಂಡು ಎಸೆಯುವ ಆಟಗಾರ) ಕೈಯಲ್ಲಿ ಎಸೆಸಿ, ಶಾಟನ್ನು ಉಲ್ಟಾ ಓಡಿಸಿದರು. ಹಣೆಗೆ ಅಂಟಿಸಿ, ಕಿತ್ತು, ಅದನ್ನೂ ಹಾಗೇ ಉಲ್ಟಾ ಓಡಿಸಿದರು.

ನಾನು ಮೊದಲು ಗೆಳೆಯರ ಮಾತು ಕೇಳಿದ್ದೆ. ಒಂದು ಸ್ಟುಡಿಯೋದವರು 35 ಸಾವಿರ ಕೇಳಿದರು. 6 ಸಾವಿರ ಅಡ್ವಾನ್ಸ್ ಕೊಟ್ಟೆ. ಬಂದ ಸ್ಯಾಂಪಲ್‌ನಲ್ಲಿ ಗುಂಡು ಹೊಳೆಯುತ್ತಿತ್ತು, ಆದರೆ ನಾವು ಶೂಟ್ ಮಾಡುವ ಛತ್ರದ ಟ್ಯೂಬ್‌ಲೈಟ್ ಅದರ ಮೈಮೇಲೆ ಎಲ್ಲೂ ಇರಲಿಲ್ಲ. ಆ ದುಡ್ಡು ವಾಪಸ್ ಬರಲಿಲ್ಲ.

ಆಮೇಲೆ ಥರ್ಮಾಕೋಲ್ ಉಂಡೆಗೆ ಫಾಯಿಲ್ ಸುತ್ತಿದೆ. ಬರೀ ಸುಕ್ಕು. ಕ್ರಿಸ್‌ಮಸ್ ಮರಕ್ಕೆ ಕಟ್ಟುವ ಪ್ಲಾಸ್ಟಿಕ್ ಗುಂಡು ನೋಡಲು ಚೆನ್ನಾಗಿತ್ತು, ಎಸೆದರೆ ಬಲೂನಿನ ಹಾಗೆ ತೇಲಿತು. ಕೊನೆಗೆ ಗೇಟು ಮಾಡುವವರ ಅಂಗಡಿಯಲ್ಲಿ ಸಿಕ್ಕಿತು ನೋಡಿ, ಗೇಟಿನ ಕಂಬದ ಮೇಲೆ ಹಾಕುವ ಟೊಳ್ಳು ಸ್ಟೀಲ್ ಬಾಲ್. ಮೂರು ಇಂಚಿನದು, ಇನ್ನೂರೋ ಇನ್ನೂರ ಇಪ್ಪತ್ತೋ ರೂಪಾಯಿ. ಆರು ತಂದೆ. ಟೊಳ್ಳಾಗಿದ್ದರೆ ನೆಲಕ್ಕೆ ತಾಗಿದಾಗ ಕುಣಿಯುತ್ತದೆ, ಹಾಗಾಗಿ ಒಳಗೆ ಸ್ವಲ್ಪ ತುಂಬಿದೆ. ಏನು ತುಂಬಿದೆ, ಎಷ್ಟು ತುಂಬಿದೆ ಎಂಬುದು ನನ್ನ ಹತ್ತಿರವೇ ಇರಲಿ.

ಎಸೆಯಲು ನಮ್ಮ ಬೀದಿಯ ಟೆನಿಸ್ ಬಾಲ್ ಟೀಮಿನ ವೇಗದ ಬೌಲರನ್ನು ಕರೆದೆ. ಎರಡನೇ ಎಸೆತದಲ್ಲೇ ಕೈ ಸ್ವಲ್ಪ ಕೆಳಗಾಗಿ ಗುಂಡು ಲೆನ್ಸಿನ ಮುಂದಿನ ಗಾಜಿನ ಫಿಲ್ಟರ್‌ನ ಅಂಚಿಗೆ ಬಡಿಯಿತು. 1,800 ರೂಪಾಯಿ ಹೋಯಿತು. ಫಿಲ್ಟರ್ ಇಲ್ಲದಿದ್ದರೆ ಲೆನ್ಸೇ ಹೋಗುತ್ತಿತ್ತು. ಮರುದಿನ ಕವರ್ಸ್‌ನಲ್ಲಿ ಫೀಲ್ಡಿಂಗ್ ಮಾಡುವ ಹುಡುಗ ಬಂದ. ವಿಕೆಟ್‌ಗೆ ನೇರ ಎಸೆಯುವ ಕೈ ಅದು. ನಮಗೆ ಬೇಕಿದ್ದದ್ದು ಅದೇ.

ಉದ್ದ ಶಾಟ್‌ನಲ್ಲಿ ಗುಂಡು ಬಾಗಿ ಕೆಳಗಿಳಿಯುತ್ತದೆ, ಕೈಯಲ್ಲಿ ಎಸೆದದ್ದು ಎಂದು ಗೊತ್ತಾಗುತ್ತದೆ. ಆದ್ದರಿಂದ ಪ್ರತಿ ಶಾಟ್‌ನಲ್ಲೂ ಎಂಟು ಅಡಿಯಷ್ಟು ಹಾರಾಟ ಮಾತ್ರ ಉಳಿಸಿದೆ. ಸೆಕೆಂಡಿಗೆ 60 ಫ್ರೇಮ್‌ನಲ್ಲಿ ಶೂಟ್, ಶಟರ್ 1/125 ಸೆಕೆಂಡಿನ ಆಸುಪಾಸು. ಎಂಟು ಹತ್ತು ಫ್ರೇಮ್ ಚೆನ್ನಾಗಿ ಸಿಕ್ಕರೆ ಸಾಕು. ಎಸೆದದ್ದು ಇನ್ನೂರು ಸಲವಾದರೂ ಇರಬೇಕು.

ಇನ್ನೊಂದು ತಲೆನೋವು ಪ್ರತಿಬಿಂಬ. ಮೊದಲ ದಿನದ ಎಲ್ಲಾ ಶಾಟ್‌ಗಳಲ್ಲಿ ಗುಂಡಿನ ಮೇಲೆ ನಾವು ನಾಲ್ವರೂ ಕಾಣುತ್ತಿದ್ದೆವು. ಕಪ್ಪು ಬಟ್ಟೆ ಕಟ್ಟಿ ಲೆನ್ಸಿಗೆ ಮಾತ್ರ ತೂತು ಮಾಡಿದೆವು. ಎಸೆಯುವವನ ಕೈಗೂ ಕಪ್ಪು ಗ್ಲೌಸ್.

ಹಣೆಗೆ ಚುಚ್ಚುವ ಶಾಟ್‌ಗೆ ಪ್ಲಾಸ್ಟಿಕ್ ಗುಂಡೇ ಆಯಿತು. ಡಬಲ್ ಟೇಪ್ ಚರ್ಮ ಕೆಂಪು ಮಾಡಿತು. ನಾಟಕದವರು ಗಡ್ಡ ಅಂಟಿಸುವ ಗಮ್ ತಂದ ಮೇಲೆ ಸರಿಹೋಯಿತು. ಗಾಳದ ದಾರದಿಂದ ಎಳೆದೆ. ನಟ ಮೊದಲು ನೋವು, ಆಮೇಲೆ ಭಯ, ಕೊನೆಗೆ ಸುಮ್ಮನೆ ನಿಲ್ಲುವುದು, ಹೀಗೆ ಉಲ್ಟಾ ಮಾಡಬೇಕು. ಹದಿನಾಲ್ಕನೇ ಟೇಕ್ ಅದ್ಭುತವಾಗಿ ಬಂತು. ಎಡಿಟಿಂಗ್‌ನಲ್ಲಿ ನೋಡಿದರೆ, ಹಿಂದೆ ಹಚ್ಚಿಟ್ಟ ಊದಿನಕಡ್ಡಿಯ ಹೊಗೆ ಮೇಲಿಂದ ಇಳಿದು ಕಡ್ಡಿಯೊಳಗೆ ಹೋಗುತ್ತಿದೆ! ಒಂದು ಭಾನುವಾರ ಪೂರ್ತಿ ಹಾಳು. ಉಲ್ಟಾ ಓಡಿಸುವ ಶಾಟ್‌ನಲ್ಲಿ ಹೊಗೆ, ನೀರು, ಗಡಿಯಾರ ಇರಲೇಬಾರದು.

ಕಾಸ್ಕರೆಲಿ ಶುಕ್ರವಾರ ಸಾಮಾನು ಬಾಡಿಗೆಗೆ ತಂದು ಸೋಮವಾರ ಹಿಂತಿರುಗಿಸಿ ಒಂದೇ ದಿನದ ಬಾಡಿಗೆ ಕೊಡುತ್ತಿದ್ದರು. ನಾನೂ ಕೇಳಿದೆ. ಲೈಟಿನವರು ಎರಡು ದಿನದ್ದು ಕೊಡಿ ಎಂದರು, ಚೌಕಾಸಿ ಮಾಡಿ ಒಂದೂವರೆಗೆ ಇಳಿಸಿದೆ. ಎಲ್ಲಾ ಸೇರಿ ಗುಂಡಿನ ಕೆಲಸಕ್ಕೆ ಒಂಬತ್ತೂವರೆ ಸಾವಿರ ಆಗಿರಬಹುದು, ಮುಳುಗಿದ ಅಡ್ವಾನ್ಸ್ ಬಿಟ್ಟು. ಮುಗಿದ ಮೇಲೆ ಎಡಿಟರ್ ಗೆಳೆಯ ಆರನೇ ಶಾಟನ್ನು ನಾಲ್ಕು ಸಲ ಹಿಂದೆ ಮುಂದೆ ಓಡಿಸಿ, ದಾರ ಎಲ್ಲಿ ಅಳಿಸಿದೆ ಎಂದು ಕೇಳಿದ. ಆ ಶಾಟ್‌ನಲ್ಲಿ ದಾರವೇ ಇಲ್ಲ.

ಇದರ ಮಧ್ಯೆ ಹಳದಿ ರಕ್ತದ ಪ್ರಯೋಗವೂ ಶುರುವಾಯಿತು, ಚಿತ್ರ ಮುಗಿದರೂ ಅದು ಮುಗಿದಿಲ್ಲ. ‘ಫ್ಯಾಂಟಾಸಮ್’ನ ಖಳ, ಆ ಎತ್ತರದ ಮನುಷ್ಯನ ಬೆರಳು ಕತ್ತರಿಸಿದರೆ ಹಳದಿ ರಕ್ತ ಬರುತ್ತದಲ್ವಾ? ಮೈದಾ ಗಂಜಿಗೆ ಅರಿಶಿನ ಕಲಸಿದೆ. ಬಣ್ಣ ಚೆನ್ನಾಗಿ ಬಂತು. ಅಂಗಿಯ ಕಲೆಗೆ ಸೋಪು ಹಚ್ಚಿದರೆ ಕಣ್ಣೆದುರೇ ಕೆಂಪಾಯಿತು. ಆರತಿಗೆ ಅರಿಶಿನ ಸುಣ್ಣ ಕಲಸಿ ಓಕುಳಿ ಮಾಡುತ್ತಾರಲ್ಲ, ಅದೇ. ಹಳದಿ ರಕ್ತ ಕ್ಯಾಮೆರಾ ಮುಂದೆಯೇ ಕೆಂಪಾದರೆ ಹೇಗಿರುತ್ತದೆ! ಬಿಳಿ ಬಟ್ಟೆಗೆ ಮೊದಲೇ ಸುಣ್ಣದ ತಿಳಿ ಹಚ್ಚಿ ಒಣಗಿಸಿ ನೋಡುತ್ತಿದ್ದೇನೆ. ಬಣ್ಣ ತಿರುಗುತ್ತದೆ, ಆದರೆ ತುಂಬಾ ಬೇಗ. ನನಗೆ ಐದಾರು ಸೆಕೆಂಡ್ ಬೇಕು. ಇವತ್ತು ಗಂಜಿ ಇನ್ನೂ ಗಟ್ಟಿ ಮಾಡಿ ಇಟ್ಟಿದ್ದೇನೆ.