ಬಾಹ್ಯಾಕಾಶ ಪ್ರವಾಸದ ಇಂಗಾಲದ ಲೆಕ್ಕ ನೀವೇ ಹಾಕುವುದು ಹೇಗೆ?

ಮೊದಲ ಸಲ ಈ ಲೆಕ್ಕ ಹಾಕಿ ನಾನು ಪೆಚ್ಚಾಗಿದ್ದೆ. 2021ರ ಜುಲೈ 20ರಂದು ಅಮೆಜಾನ್ ಸ್ಥಾಪಕ ಜೆಫ್ ಬೆಜೋಸ್ ಹಾರಿದ ನ್ಯೂ ಶೆಪರ್ಡ್ ರಾಕೆಟ್ ಉರಿಸುವುದು ಜಲಜನಕ, ಅದರ ಬಾಲದಿಂದ ಬರುವುದು ನೀರಾವಿ. ಸರಿ, ಇಂಗಾಲ ಸೊನ್ನೆ ಅಂತ ನೋಟ್‌ಬುಕ್ಕಿನಲ್ಲಿ ಬರೆದುಬಿಟ್ಟೆ!

ಆ ಸೊನ್ನೆಯೇ ತಪ್ಪು. ಹಾಗಾಗಿ ಮೊದಲು ಇಂಧನ ಎಲ್ಲಿಂದ ಬಂತು ಅಂತ ಕೇಳಿ. ಜಲಜನಕವನ್ನು ನೈಸರ್ಗಿಕ ಅನಿಲದಿಂದ ತೆಗೆದರೆ, ಪ್ರತಿ ಕಿಲೋಗೆ ಸುಮಾರು 9–10 ಕಿಲೋ ಕಾರ್ಬನ್ ಡೈಆಕ್ಸೈಡ್ ಕಾರ್ಖಾನೆಯಲ್ಲೇ ಹೊರಬಿದ್ದಿರುತ್ತದೆ.

ಸೀಮೆಎಣ್ಣೆ ಜಾತಿಯ ಇಂಧನವಾದರೆ ಸುಲಭ. ಅದರ ತೂಕವನ್ನು 3ರಿಂದ ಗುಣಿಸಿ. ಸ್ಪೇಸ್‌ಎಕ್ಸ್ ಕಂಪನಿಯ ಫಾಲ್ಕನ್ 9 ರಾಕೆಟ್ಟಿನಲ್ಲಿ ಅದು ಸುಮಾರು 150 ಟನ್. ಅಂದರೆ 450 ಟನ್ ಕಾರ್ಬನ್ ಡೈಆಕ್ಸೈಡ್. ಅದೇ ರಾಕೆಟ್ಟಿನಲ್ಲಿ ಹೋದ 2021ರ ಸೆಪ್ಟೆಂಬರ್‌ನ ಇನ್‌ಸ್ಪಿರೇಷನ್4 ಯಾನದಲ್ಲಿ ಇದ್ದವರು ನಾಲ್ಕೇ ಜನ. ಭಾಗಿಸಿದರೆ ತಲೆಗೆ 110 ಟನ್ ದಾಟುತ್ತದೆ. ಇಂಧನ ಉರಿಸಲು ರಾಕೆಟ್ ಹೊತ್ತೊಯ್ಯುವ ದ್ರವ ಆಮ್ಲಜನಕದ ತೂಕವನ್ನು ಮಾತ್ರ ಸೇರಿಸಬೇಡಿ, ಎಡವುವುದು ಅಲ್ಲೇ.

ರಾಕೆಟ್ಟಿನ ಹೊಗೆಯ ಮಸಿಗೆ ಬೇರೆ ಸಾಲು ಇಡಿ. ವಾಯುಮಂಡಲದ ಮೇಲಿನ ಪದರದಲ್ಲಿ ಅದನ್ನು ತೊಳೆಯಲು ಮಳೆ ಇಲ್ಲ ಅಲ್ವಾ? ವರ್ಷಗಟ್ಟಲೆ ಅಲ್ಲೇ ತೇಲುತ್ತದೆ. ನೆಲದ ಬಳಿಯ ಮಸಿಗಿಂತ ಸುಮಾರು 500 ಪಟ್ಟು ಜಾಸ್ತಿ ಬಿಸಿ ಮಾಡುತ್ತದೆ. ಇದನ್ನು ಟನ್ನಿನ ಲೆಕ್ಕಕ್ಕೆ ಬೆರೆಸಿದರೆ ಎಲ್ಲಾ ಗೊಂದಲ.

ಆಮೇಲೆ ಪಕ್ಕದಲ್ಲಿ ಹೋಲಿಕೆ ಬರೆಯಿರಿ. 2022ರ ವಿಶ್ವ ಅಸಮಾನತೆ ವರದಿಯ ಪ್ರಕಾರ 11 ನಿಮಿಷದ ಬಾಹ್ಯಾಕಾಶ ಹಾರಾಟಕ್ಕೆ ತಲೆಗೆ ಕನಿಷ್ಠ 75 ಟನ್. ಜಗತ್ತಿನ ಅತಿ ಬಡ 100 ಕೋಟಿ ಜನ ವರ್ಷಕ್ಕೆ ತಲಾ 1 ಟನ್ನೂ ಹೊರಬಿಡುವುದಿಲ್ಲ. ಆ 75 ಟನ್ ಮುಟ್ಟಲು ಅವರಿಗೆ ಜೀವಮಾನವೇ ಬೇಕು, ಅದಕ್ಕೇ ಅವರ ಸಾಲಿನಲ್ಲಿ ನಾನು ನಿಮಿಷದ ಬದಲು ‘ಒಂದು ಆಯುಷ್ಯ’ ಅಂತ ಬರೆದಿದ್ದೇನೆ.