ಚಳಿಗಾಲದ ಬೈಕು ಸವಾರಿ: ಕೈ ಮರಗಟ್ಟದ ಹಾಗೆ ನಾನು ಮಾಡಿಕೊಂಡದ್ದು

ನಾನು ಕೊಟ್ಟಿಗೆಹಾರದ ಹತ್ತಿರ ಒಂದು ಕಾಫಿ ತೋಟದಲ್ಲಿ ಹಾಜರಿ ಬರೆಯುವ ರೈಟರ್. ಮನೆ ಮೂಡಿಗೆರೆಯಲ್ಲಿ. ಹಣ್ಣು ಕುಯ್ಯುವ ಕಾಲ ಬಂತೆಂದರೆ ಬೆಳಿಗ್ಗೆ 7.30ಕ್ಕೆ ಆಳುಗಳ ಹಾಜರಿ ತೆಗೆಯಬೇಕು. ಹಾಗಾಗಿ ಆರೂವರೆಗೆಲ್ಲ ಬೈಕು ಹತ್ತುತ್ತೇನೆ. ಹ್ಯಾಂಡ್‌ಪೋಸ್ಟ್, ಬಣಕಲ್ ದಾಟಿಕೊಂಡು ಹೆಚ್ಚುಕಡಿಮೆ 20 ಕಿಲೋಮೀಟರ್ ದಾರಿ. ಮೂಡಿಗೆರೆ ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಧನುರ್ಮಾಸದ ಬೆಳಗಿನಲ್ಲಿ ಇಲ್ಲಿ ಹಿಮಾಲಯದ ಚಳಿ ಏನೂ ಇರುವುದಿಲ್ಲ. ಆದರೆ ಬೈಕಿನ ಮೇಲೆ ಅರ್ಧ ಗಂಟೆ ಕೂತವನ ಕೈಗೆ ಈ ಚಳಿಯೇ ಸಾಕು.

ನಾಲ್ಕು ವರ್ಷದ ಹಿಂದೆ ಬಣಕಲ್ ಆಚೆ ಒಂದು ತಿರುವಿನಲ್ಲಿ ಕರು ಅಡ್ಡ ಬಂತು. ಮುಂದಿನ ಬ್ರೇಕ್ ಹಿಡಿದೆ. ಹಿಡಿದೆ ಅಂದುಕೊಂಡೆ, ಅಷ್ಟೆ. ಬೆರಳು ಲಿವರ್ ಮೇಲೆ ಸುಮ್ನೆ ಕೂತಿತ್ತು, ಮಡಚಲೇ ಇಲ್ಲ. ಗಾಬರಿಯಲ್ಲಿ ಕಾಲಿನ ಬ್ರೇಕ್ ಪೂರ್ತಿ ಒತ್ತಿದೆ. ಹಿಂದಿನ ಚಕ್ರ ಇಬ್ಬನಿಯಲ್ಲಿ ಜಾರಿತು, ನಾನು ರಸ್ತೆ ಪಕ್ಕದ ಹುಲ್ಲಿನ ಮೇಲೆ ಹೋಗಿ ಬಿದ್ದೆ. ಮಂಡಿ ತರಚಿತು, ಕರುವಿಗೆ ಏನೂ ಆಗಲಿಲ್ಲ. ಮುಂದೆ ಟೀ ಅಂಗಡಿಯಲ್ಲಿ ನಿಂತರೆ ಜಾಕೆಟ್ಟಿನ ಜಿಪ್ ಎಳೆಯಲು ಆಗಲಿಲ್ಲ. ಜೇಬಿನಿಂದ ಚಿಲ್ಲರೆ ತೆಗೆಯಲು ಆಗಲಿಲ್ಲ. ಅಂಗಡಿಯವರೇ ಲೋಟವನ್ನು ನನ್ನ ಎರಡೂ ಕೈ ನಡುವೆ ಇಟ್ಟರು. ಇಷ್ಟು ದಿನ ಇಂಥ ಕೈಯಲ್ಲೇ ಬೈಕು ಓಡಿಸುತ್ತಿದ್ದೆನಲ್ಲ ಅಂತ ಆವತ್ತು ನಿಜಕ್ಕೂ ಹೆದರಿಕೆಯಾಯಿತು. ಚಳಿ ಅಂದರೆ ತಡೆದುಕೊಳ್ಳುವ ವಿಷಯ ಅಂತ ಅಲ್ಲಿವರೆಗೆ ತಿಳಿದಿದ್ದೆ. ಕೈ ಮರಗಟ್ಟಿದರೆ ಬೈಕಿಗೆ ಬ್ರೇಕ್ ಇಲ್ಲದ ಹಾಗೆಯೇ ಅಂತ ಆವತ್ತು ಗೊತ್ತಾಯಿತು.

ಎಲ್ಲರೂ ಮಾಡುವುದನ್ನೇ ಮೊದಲು ನಾನೂ ಮಾಡಿದೆ. ಸಂತೆಯಲ್ಲಿ ಸಿಕ್ಕ ಅತಿ ದಪ್ಪನೆಯ ಗ್ಲೌಸ್ ತಂದೆ. ಒಳಗೆಲ್ಲ ಸ್ಪಂಜು. ಹಾಕಿಕೊಂಡರೆ ಕೈ ಬಿಗಿಯಾಗಿ, ಬೆರಳು ಮಡಚಲು ಬಲ ಹಾಕಬೇಕು. ಕ್ಲಚ್ ಎಲ್ಲಿ ಹಿಡಿಯುತ್ತದೆ, ಎಲ್ಲಿ ಬಿಡುತ್ತದೆ ಅಂತ ಕೈಗೆ ತಿಳಿಯುತ್ತಲೇ ಇರಲಿಲ್ಲ. ಇಷ್ಟಾದರೂ ಹ್ಯಾಂಡ್‌ಪೋಸ್ಟ್ ದಾಟುವಷ್ಟರಲ್ಲಿ ಬೆರಳ ತುದಿ ಜೋಮು ಹಿಡಿಯುತ್ತಿತ್ತು. ಆಮೇಲೆ ಗೊತ್ತಾದದ್ದು ಏನೆಂದರೆ, ಬೆಚ್ಚಗಿಡುವುದು ಬಟ್ಟೆಯ ಒಳಗೆ ನಿಂತ ಗಾಳಿ. ಗ್ಲೌಸ್ ಬಿಗಿಯಾದರೆ ಆ ಗಾಳಿಗೆ ಜಾಗ ಇಲ್ಲ, ರಕ್ತ ಓಡುವುದಕ್ಕೂ ಅಡ್ಡಿ. ಈಗ ಗ್ಲೌಸ್ ಕೊಳ್ಳುವಾಗ ಒಂದು ಅಳತೆ ದೊಡ್ಡದನ್ನೇ ಕೇಳುತ್ತೇನೆ. ಮುಷ್ಟಿ ಕಟ್ಟಿದಾಗ ಬೆರಳ ತುದಿ ಗ್ಲೌಸಿನ ಕೊನೆಗೆ ತಾಗಬಾರದು.

ಎರಡನೆಯದು ಚರ್ಮದ ಗ್ಲೌಸ್. ಇದು ಗಾಳಿಯನ್ನು ಚೆನ್ನಾಗಿ ತಡೆಯಿತು. ಆದರೆ ಕೊಟ್ಟಿಗೆಹಾರದ ಕಡೆಯ ಮಂಜು ಮಳೆಯ ಹಾಗೇ ಒದ್ದೆ ಮಾಡುತ್ತದೆ. ಒಂದು ದಿನ ನೆನೆದ ಗ್ಲೌಸನ್ನು ಬಚ್ಚಲ ಹಂಡೆ ಒಲೆಯ ಬಾಯಿಗೆ ಹತ್ತಿರ ನೇತುಹಾಕಿದೆ. ಬೆಳಿಗ್ಗೆ ನೋಡಿದರೆ ಸುರುಟಿಕೊಂಡು ಹಪ್ಪಳದ ಹಾಗೆ ಆಗಿತ್ತು. ಚರ್ಮವನ್ನು ಬೆಂಕಿಯ ಕಾವಿಗೆ ಒಣಗಿಸಲೇಬಾರದು. ಒಳಗೆ ಹಳೆ ಪೇಪರ್ ತುರುಕಿ, ಗಾಳಿ ಆಡುವ ಕಡೆ ನೆರಳಿನಲ್ಲಿ ಬಿಟ್ಟರೆ ಮೆಲ್ಲಗೆ ಒಣಗುತ್ತದೆ. ಮಾರನೇ ದಿನಕ್ಕೆ ಒಣಗದಿದ್ದರೆ ಇರಲಿ ಅಂತ ಇನ್ನೊಂದು ಜೊತೆ ಇಟ್ಟುಕೊಂಡಿದ್ದೇನೆ. ಒದ್ದೆ ಗ್ಲೌಸ್ ಹಾಕಿಕೊಂಡು ಹೊರಡುವುದಕ್ಕಿಂತ ಕೆಟ್ಟದ್ದು ಇಲ್ಲ. ಗಾಳಿಗೆ ನೀರು ಆರುತ್ತಾ ಆರುತ್ತಾ ಕೈಯ ಬಿಸಿಯನ್ನೆಲ್ಲ ಎಳೆದುಕೊಂಡು ಹೋಗುತ್ತದೆ.

ನಿಧಾನ ಹೋದರೆ ಆಯಿತಲ್ವಾ ಅಂತ ತುಂಬಾ ಜನ ಹೇಳಿದರು. ನಾನೂ ಹೋಗಿ ನೋಡಿದೆ. ಜಾಸ್ತಿ ವ್ಯತ್ಯಾಸ ಆಗಲಿಲ್ಲ. ಹವಾಮಾನದವರು ಗಾಳಿ ಚಳಿಗೆ ಒಂದು ಲೆಕ್ಕ ಹಾಕುತ್ತಾರೆ. 10 ಡಿಗ್ರಿ ಇರುವ ಬೆಳಿಗ್ಗೆ ಗಂಟೆಗೆ 60 ಕಿಲೋಮೀಟರ್ ಗಾಳಿ ತಗುಲಿದರೆ ಬರಿ ಚರ್ಮಕ್ಕೆ ಅದು ಸುಮಾರು 5 ಡಿಗ್ರಿ ಅನಿಸುತ್ತದೆ. ಅದೇ 40 ಕಿಲೋಮೀಟರಿಗೆ ಇಳಿಸಿದರೆ ಸುಮಾರು 6 ಡಿಗ್ರಿ. ಅಂದರೆ ಅಷ್ಟು ನಿಧಾನ ಮಾಡಿ ಉಳಿಸಿದ್ದು ಒಂದೇ ಒಂದು ಡಿಗ್ರಿ, ಜೊತೆಗೆ ಚಳಿಯಲ್ಲಿ ಹತ್ತು ನಿಮಿಷ ಜಾಸ್ತಿ. ಮಂಜು ಇದ್ದಾಗ ನಿಧಾನ ಹೋಗಲೇಬೇಕು, ಅದು ಕಣ್ಣಿಗಾಗಿ. ಕೈಗಾಗಿ ಮಾಡಬೇಕಾದದ್ದು ಗಾಳಿಯನ್ನೇ ತಡೆಯುವುದು.

ಗಾಳಿಗೆ ಬರುವ ಮುಂಚೆ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಇದು ನನಗೆ ಅಕಸ್ಮಾತ್ ತಿಳಿದದ್ದು. ಒಂದು ಬೆಳಿಗ್ಗೆ ಮಂಜು ಹನಿಯುತ್ತಿತ್ತು ಅಂತ ಸ್ವೆಟರ್ ಮೇಲೆ ಮಳೆ ಜಾಕೆಟ್ ಹಾಕಿ, ಕುತ್ತಿಗೆಗೆ ಮಫ್ಲರ್ ಸುತ್ತಿ ಹೊರಟೆ. ಕೈಗೆ ಅದೇ ಹಳೆ ಗ್ಲೌಸ್. ತೋಟಕ್ಕೆ ಬಂದು ಇಳಿದಾಗ ಹಾಜರಿ ಪುಸ್ತಕದಲ್ಲಿ ಸಲೀಸಾಗಿ ಹೆಸರು ಬರೆದೆ! ಬೇರೆ ದಿನ ಮೊದಲ ಹತ್ತು ಹೆಸರು ಕೋಳಿ ಕೆದಕಿದ ಹಾಗೆ ಇರುತ್ತಿದ್ದವು. ಕಾರಣ ಸರಳ. ಮೈ ನಡುಭಾಗ ತಣ್ಣಗಾದರೆ ದೇಹ ಹೃದಯ, ಶ್ವಾಸಕೋಶಗಳ ಬಿಸಿ ಕಾಪಾಡಲು ನೋಡುತ್ತದೆ. ಬೆರಳುಗಳ ಸಣ್ಣ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಬಿಸಿ ರಕ್ತವೇ ಬರದ ಬೆರಳಿಗೆ ಎಷ್ಟು ದಪ್ಪನೆಯ ಗ್ಲೌಸ್ ಹಾಕಿದರೆ ಏನು ಬಂತು? ಗ್ಲೌಸಿಗೆ ತಾನಾಗಿ ಕಾವಿಲ್ಲ, ಇದ್ದ ಕಾವನ್ನು ಹಿಡಿದಿಡಬಲ್ಲದು ಅಷ್ಟೆ. ಆದ್ದರಿಂದ ಕೈ ತಣ್ಣಗಾಗುತ್ತದೆ ಅಂತ ಯಾರಾದರೂ ಕೇಳಿದರೆ ನಾನು ಮೊದಲು ನೋಡುವುದು ಅವರ ಎದೆ, ಕುತ್ತಿಗೆ. ಜಾಕೆಟ್ ಮರೆತ ದಿನ ಎರಡು ಹಾಳೆ ದಿನಪತ್ರಿಕೆಯನ್ನು ಅಂಗಿ ಮತ್ತು ಸ್ವೆಟರ್ ನಡುವೆ ಎದೆಗೆ ಹರಡಿಕೊಂಡರೂ ಕೆಲಸ ನಡೆಯುತ್ತದೆ.

ಆಮೇಲೆ ಮಣಿಕಟ್ಟು. ಹ್ಯಾಂಡಲ್ ಹಿಡಿಯಲು ಕೈ ಚಾಚಿದಾಗ ಜಾಕೆಟ್ಟಿನ ತೋಳು ಮೇಲೆ ಸರಿಯುತ್ತದೆ, ಗ್ಲೌಸ್ ಕೆಳಗೆ ಉಳಿಯುತ್ತದೆ. ನಡುವೆ ಎರಡು ಬೆರಳಿನಷ್ಟು ಬರಿ ಚರ್ಮ. ನಾಡಿ ನೋಡುವ ಜಾಗವೇ ಅದು, ರಕ್ತನಾಳ ಚರ್ಮಕ್ಕೆ ಅಷ್ಟು ಹತ್ತಿರ. ಅಲ್ಲಿ ಗಾಳಿ ಹೊಡೆದರೆ ಬೆರಳಿಗೆ ಹೋಗುವ ರಕ್ತವೇ ತಣ್ಣಗಾಗುತ್ತದೆ. ನಾನು ಹಳೆ ಉಲ್ಲನ್ ಕಾಲುಚೀಲದ ಪಾದ ಕತ್ತರಿಸಿ ಉಳಿದ ಕೊಳವೆಗೆ ಹೆಬ್ಬೆರಳಿನ ತೂತು ಮಾಡಿಕೊಂಡೆ. ಅಂಗೈ ಅರ್ಧದಿಂದ ಮೊಣಕೈ ಹತ್ತಿರದವರೆಗೆ ಬರುತ್ತದೆ. ಅದರ ಮೇಲೆ ಗ್ಲೌಸ್. ಖರ್ಚು ಏನೂ ಇಲ್ಲ. ಇಷ್ಟು ದಿನದಲ್ಲಿ ನಾನು ಮಾಡಿದ ಅತಿ ಸಣ್ಣ ಕೆಲಸ ಇದು, ಆದರೆ ಎಲ್ಲರಿಗೂ ಹೇಳುವುದೂ ಇದನ್ನೇ.

ಮೊದಲು ಮರಗಟ್ಟುವುದು ಯಾವ ಬೆರಳು ಅಂತ ಗಮನಿಸಿದ್ದೀರಾ? ನನಗೆ ತೋರುಬೆರಳು ಮತ್ತು ನಡುಬೆರಳು. ಯಾಕೆಂದರೆ ಅವೆರಡನ್ನು ಯಾವಾಗಲೂ ಲಿವರ್ ಮೇಲೆ ಇಟ್ಟಿರುತ್ತೇನೆ. ಲಿವರ್ ಅಲ್ಯೂಮಿನಿಯಂ. ರಾತ್ರಿಯೆಲ್ಲ ಇಬ್ಬನಿಯಲ್ಲಿ ನೆಂದು ಐಸಿನ ಹಾಗಿರುತ್ತದೆ. ಬೆರಳಿನ ಬಿಸಿಯನ್ನು ಹೀರುತ್ತಲೇ ಇರುತ್ತದೆ. ಸೈಕಲ್ ಟ್ಯೂಬಿನ ಒಂದು ತುಂಡನ್ನು ಎರಡೂ ಲಿವರ್‌ಗೆ ತೊಡಿಸಿದೆ. ಸೋಪಿನ ನೀರು ಹಚ್ಚಿದರೆ ಸುಲಭವಾಗಿ ಏರುತ್ತದೆ, ಒಣಗಿದ ಮೇಲೆ ಗಟ್ಟಿಯಾಗಿ ಕೂರುತ್ತದೆ. ಅಂಗಡಿಯಲ್ಲಿ ರಬ್ಬರ್ ಲಿವರ್ ಕವರ್ ಅಂತಲೇ ಸಿಗುತ್ತದೆ. ಯಾವುದಾದರೂ ಸರಿ, ತಿರುಗಬಾರದು, ಜಾರಬಾರದು.

ಇಷ್ಟೆಲ್ಲ ಮಾಡಿದ ಮೇಲೂ ಜನವರಿಯ ಕೆಲವು ದಿನ ಸಾಲುತ್ತಿರಲಿಲ್ಲ. ಅದರಲ್ಲೂ ರಸ್ತೆ ಇಳಿದು ಗದ್ದೆ ಬಯಲಿನ ಪಕ್ಕ ಹೋಗುವ ಕಡೆ. ತಣ್ಣನೆ ಗಾಳಿ ಭಾರ, ರಾತ್ರಿ ಗುಡ್ಡದಿಂದ ಇಳಿದು ತಗ್ಗಿನಲ್ಲಿ ನಿಂತಿರುತ್ತದೆ. ಅಲ್ಲಿಗೆ ಬಂದ ಕೂಡಲೇ ನೀರಿಗೆ ಇಳಿದ ಹಾಗೆ ಅನಿಸುತ್ತದೆ. ಇದಕ್ಕೆ ಉತ್ತರ ಹ್ಯಾಂಡಲ್‌ಗೇ ಹಾಕುವ ಕವರ್. ಉತ್ತರ ಭಾರತದ ಕಡೆ ಇದು ಮಾಮೂಲು. ನಾನು ಮೂಡಿಗೆರೆಯಲ್ಲೇ ಸೀಟ್ ಕವರ್ ಹೊಲಿಯುವವರ ಹತ್ತಿರ ಮಾಡಿಸಿದೆ. ಹೊರಗೆ ಕಪ್ಪು ರೆಕ್ಸಿನ್, ಒಳಗೆ ಅಪ್ಪನ ಹಳೆ ಕಂಬಳಿಯ ತುಂಡು. ಅಪ್ಪ ಈ ಕಂಬಳಿಯನ್ನೇ ಕೊಪ್ಪೆ ಮಾಡಿಕೊಂಡು ಗದ್ದೆಗೆ ಹೋಗುತ್ತಿದ್ದರು. ಕತ್ತರಿ ಹಾಕುವಾಗ ಸ್ವಲ್ಪ ಸಂಕಟ ಆಯಿತು. "ಮೂಲೇಲಿ ನುಸಿ ತಿನ್ನೋದಕ್ಕಿಂತ ನಿನ್ನ ಕೈಗಾದ್ರೂ ಆಗ್ಲಿ ಬಿಡು ಮಗಾ" ಅಂತ ಅಮ್ಮನೇ ಕತ್ತರಿ ತೆಗೆದುಕೊಂಡರು.

ಮೊದಲು ಪೇಪರಿನಲ್ಲಿ ಅಚ್ಚು ಕತ್ತರಿಸಿ ಹ್ಯಾಂಡಲ್‌ಗೆ ಸುತ್ತಿ ನೋಡಿದೆವು. ಲಿವರಿನ ತುದಿಯಿಂದ ಮುಂದೆ ನಾಲ್ಕು ಬೆರಳು ಜಾಗ ಬಿಟ್ಟೆವು. ಕನ್ನಡಿಯ ಕಡ್ಡಿಗೆ ಒಂದು ಸೀಳು, ಕೇಬಲ್‌ಗೆ ಇನ್ನೊಂದು. ಕೈ ತೂರಿಸುವ ಬಾಯಿ ಮಾತ್ರ ಅಗಲ. ನೋಡದೇ ಕೈ ಹಾಕಲು, ನೋಡದೇ ತೆಗೆಯಲು ಬರಬೇಕು. ಮಣಿಕಟ್ಟಿಗೆ ಕಟ್ಟುವ ದಾರ, ಎಲಾಸ್ಟಿಕ್ ಏನೂ ಇರಕೂಡದು. ಬಿದ್ದರೆ ಕೈ ತಾನಾಗಿ ಹೊರಗೆ ಬರಬೇಕಲ್ಲ.

ಮೊದಲ ಸಲ ಒಂದು ತಪ್ಪು ಮಾಡಿದ್ದೆವು. ಹಾಕಿದ ಎರಡನೇ ದಿನ ಹಿಂದೆ ಬರುತ್ತಿದ್ದ ಪಿಕಪ್ ಡ್ರೈವರ್ ಪಕ್ಕಕ್ಕೆ ಬಂದು, "ಅಣ್ಣಾ, ನಿಮ್ ಬ್ರೇಕ್ ಲೈಟ್ ಆರ್ತಾನೇ ಇಲ್ಲ ನೋಡಿ" ಅಂದರು. ನಿಲ್ಲಿಸಿ ನೋಡಿದರೆ ಎಲ್ಲ ಸರಿ. ಮತ್ತೆ ಓಡಿಸಿದಾಗ ಅರ್ಥವಾಯಿತು. ಬೈಕು 50 ದಾಟಿದ ಕೂಡಲೇ ಎದುರುಗಾಳಿ ರೆಕ್ಸಿನ್ನನ್ನು ಹಿಂದಕ್ಕೆ ತಳ್ಳಿ ಬ್ರೇಕ್ ಲಿವರ್ ಮೇಲೆ ಒತ್ತುತ್ತಿತ್ತು. ಬ್ರೇಕ್ ಸದಾ ಸ್ವಲ್ಪ ಹಿಡಿದೇ ಇತ್ತು. ಕ್ಲಚ್ ಕಡೆಯೂ ಅದೇ ಕಥೆ. ಹೊಲಿದವರು ಮುಂಭಾಗದ ಒಳಗೆ ಕೊಳವೆಯಂಥ ಒಂದು ಮಡಿಕೆ ಹೊಲಿದು, ಬೇಲಿಗೆ ಕಟ್ಟುವ ದಪ್ಪ ತಂತಿಯನ್ನು ಬಿಲ್ಲಿನ ಹಾಗೆ ಬಗ್ಗಿಸಿ ಹಾಕಿಕೊಟ್ಟರು. ತಂತಿಯ ತುದಿ ಚುಚ್ಚದ ಹಾಗೆ ಸುರುಳಿ ಮಾಡಿ ಟ್ಯೂಬ್ ಸುತ್ತಿದರು. ಆಮೇಲೆ ಕವರ್ ಗುಡಿಸಲಿನ ಸೂರಿನ ಹಾಗೆ ಲಿವರ್‌ಗೆ ತಾಗದೇ ನಿಂತಿತು. ನೀವು ಮಾಡಿಸಿದರೂ, ರೆಡಿಮೇಡ್ ತಂದರೂ ಮೊದಲು ಮೂರು ಸಂಗತಿ ನೋಡಿ. ಲಿವರ್ ಬಿಟ್ಟ ಕೂಡಲೇ ಪೂರ್ತಿ ಮೊದಲಿನ ಜಾಗಕ್ಕೆ ಬರಬೇಕು. ಆಕ್ಸಿಲೇಟರ್ ಕೈಬಿಟ್ಟರೆ ತಾನೇ ತಿರುಗಿ ಮುಚ್ಚಬೇಕು. ಹ್ಯಾಂಡಲ್ ಎರಡೂ ಕಡೆ ಕೊನೆವರೆಗೆ ತಿರುಗಿದಾಗ ಟ್ಯಾಂಕಿಗೆ, ಕೇಬಲ್ಲಿಗೆ ಏನೂ ಸಿಕ್ಕಿಕೊಳ್ಳಬಾರದು. ಹಾರ್ನ್, ಇಂಡಿಕೇಟರ್ ಕಣ್ಣಿಗೆ ಕಾಣುವುದಿಲ್ಲ. ಮನೆ ಮುಂದೆ ಬೈಕು ನಿಲ್ಲಿಸಿಕೊಂಡು ಒಂದು ಸಂಜೆಯೆಲ್ಲ ಹೆಬ್ಬೆರಳಿನಲ್ಲೇ ಹುಡುಕಿ ರೂಢಿ ಮಾಡಿಕೊಂಡೆ.

ಈಗ ಒಳಗೆ ತೆಳ್ಳನೆಯ ಗ್ಲೌಸ್ ಸಾಕು. ಕವರ್‌ನ ದೊಡ್ಡ ಲಾಭವೇ ಇದು. ಬೆರಳಿಗೆ ಲಿವರ್ ಚೆನ್ನಾಗಿ ತಿಳಿಯುತ್ತದೆ, ಗಾಳಿ ಮಾತ್ರ ತಾಗುವುದಿಲ್ಲ.

ಬಿಸಿಯಾಗುವ ಗ್ರಿಪ್ ಬಗ್ಗೆಯೂ ಕೇಳುತ್ತಾರೆ. ಒಂದು ಜೊತೆಗೆ 30-40 ವಾಟ್ ಬೇಕು, ಅಂದರೆ ಇನ್ನೊಂದು ಹೆಡ್‌ಲೈಟ್ ಹಾಕಿದ ಹಾಗೆ. ನನ್ನ 100 ಸಿಸಿ ಬೈಕಿಗೆ ಅದು ಹೊರೆ ಅನಿಸಿತು. ಜೊತೆಗೆ ಬಿಸಿಯಾಗುವುದು ಅಂಗೈ, ಗಾಳಿ ಹೊಡೆಯುವುದು ಕೈ ಹಿಂಭಾಗಕ್ಕೆ. ದೊಡ್ಡ ಬೈಕು ಇದ್ದವರು ಕವರ್ ಜೊತೆಗೆ ಹಾಕಿಸಿಕೊಳ್ಳಬಹುದು. ಏನೂ ಇಲ್ಲದೆ ಸಿಕ್ಕಿಹಾಕಿಕೊಂಡ ದಿನಕ್ಕೆ ಅಡುಗೆಮನೆಯ ತೆಳ್ಳನೆ ಪ್ಲಾಸ್ಟಿಕ್ ಕವರನ್ನು ಗ್ಲೌಸಿನ ಒಳಗೆ ಹಾಕಿಕೊಳ್ಳಿ. ಹೊರಗೆ ಹಾಕಿದರೆ ಹ್ಯಾಂಡಲ್ ಮೇಲೆ ಜಾರುತ್ತದೆ. ಬೆವರಿಗೆ ಕೈ ಒದ್ದೆಯಾಗುತ್ತದೆ, ಹಾಗಾಗಿ ಹತ್ತು ಹದಿನೈದು ನಿಮಿಷದ ದಾರಿಗೆ ಮಾತ್ರ.

ದಾರಿಯಲ್ಲಿ ಕೈ ಮರಗಟ್ಟಿದರೆ ನಿಲ್ಲಿಸಿಬಿಡಿ. ಇಳಿದು ತೋಳನ್ನು ಗಾಣದ ಎತ್ತಿನ ಹಾಗೆ ಸುತ್ತು ಸುತ್ತು ತಿರುಗಿಸಿ, ರಕ್ತ ಬೆರಳ ತುದಿಗೆ ನುಗ್ಗುತ್ತದೆ. ಇಲ್ಲವಾದರೆ ಕಂಕುಳಲ್ಲಿ ಕೈ ಇಟ್ಟುಕೊಳ್ಳಿ. ಸೈಲೆನ್ಸರ್ ಮುಟ್ಟಲು ಹೋಗಬೇಡಿ. ಮರಗಟ್ಟಿದ ಬೆರಳಿಗೆ ಸುಟ್ಟದ್ದು ತಿಳಿಯುವುದೇ ಇಲ್ಲ, ಬೊಬ್ಬೆ ಎದ್ದ ಮೇಲೆ ತಿಳಿಯುತ್ತದೆ. ಕುದಿಯುವ ನೀರಿಗೂ ಇದೇ ಮಾತು. ಬೀಡಿ, ಸಿಗರೇಟು ಸೇದಿದರೆ ಬೆಚ್ಚಗಾಗುತ್ತದೆ ಅನ್ನುವವರಿದ್ದಾರೆ, ಆದರೆ ಅದರಿಂದ ಬೆರಳಿನ ರಕ್ತನಾಳ ಇನ್ನೂ ಬಿಗಿಯಾಗುತ್ತದೆ. ಸ್ವಲ್ಪ ಚಳಿಗೇ ಬೆರಳು ಸುಣ್ಣದ ಹಾಗೆ ಬೆಳ್ಳಗಾಗಿ, ಆಮೇಲೆ ನೀಲಿಯಾಗುವವರು ಡಾಕ್ಟರಿಗೆ ತೋರಿಸಲೇಬೇಕು. ಅದು ಗ್ಲೌಸಿನಿಂದ ಹೋಗುವ ತೊಂದರೆ ಅಲ್ಲ.

ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಗುತ್ತದೆ ಅನ್ನುತ್ತಾರಲ್ಲ, ನಾನು ಕವರ್ ಬಿಚ್ಚುವುದೂ ಆಗಲೇ. ಎರಡು ದಿನ ಕಾಫಿ ಕಣದ ಬಿಸಿಲಿಗೆ ಒಳಮೈ ತಿರುವಿ ಹಾಕುತ್ತೇನೆ. ತಂತಿ ತೆಗೆದು ತುಕ್ಕು ಹಿಡಿದಿದೆಯೇ ನೋಡುತ್ತೇನೆ. ಕಂಬಳಿ ಮಡಿಕೆಯಲ್ಲಿ ನಾಲ್ಕು ನುಸಿಗುಳಿಗೆ ಹಾಕಿ, ಅಮ್ಮನ ಟ್ರಂಕಿನಲ್ಲಿ ಮುಂದಿನ ಕುಯ್ಲಿನವರೆಗೆ ಇಡುತ್ತೇನೆ.