ದೃಷ್ಟಿ ಹೋದ ಮೇಲೆ ಮೊದಲ ದಾರಿ: ಮನೆಯಿಂದ ಬೀದಿ ಕೊನೆಯ ಅಂಗಡಿಗೆ

ಕಣ್ಣು ಕಳೆದುಕೊಂಡವರನ್ನು ಮನೆಯಲ್ಲೇ ಕೂರಿಸಿಬಿಡುವುದು ಹೆಚ್ಚಾಗಿ ಮನೆಯವರ ಪ್ರೀತಿ. ‘ನೀವು ಸುಮ್ನೆ ಕೂತ್ಕಳ್ರಿ, ನಾವು ಮಾಡ್ತೀವಿ’ ಎಂದು ಆರು ತಿಂಗಳು ಹೇಳಿದರೆ ಸಾಕು, ಕಾಲು ನಡೆಯುವುದನ್ನೇ ಮರೆಯುತ್ತದೆ. ಆದ್ದರಿಂದ ಒಂದೇ ಒಂದು ಕೆಲಸ ಗೊತ್ತುಮಾಡಿಕೊಳ್ಳಿ: ಬೀದಿ ಕೊನೆಯ ಅಂಗಡಿಗೆ ಒಬ್ಬರೇ ಹೋಗಿ ಅರ್ಧ ಲೀಟರ್ ಹಾಲು ತರುವುದು. ಇದಕ್ಕೆ ಮನೆಯವರು, ಎದುರುಮನೆಯವರು, ಅಂಗಡಿಯವರು ಮೂವರೂ ಬೇಕು.

ಮೊದಲು ಬಿಳಿ ಕೋಲು. ನೆಟ್ಟಗೆ ನಿಂತು ಕೋಲಿನ ತುದಿ ನೆಲಕ್ಕೆ ಊರಿದಾಗ ಹಿಡಿ ಎದೆಮೂಳೆಯ ಕೆಳತುದಿಗೆ ಬರಬೇಕು. ಉದ್ದ ಹೆಜ್ಜೆ ಇಡುವವರಿಗೆ ಕಂಕುಳವರೆಗೂ ಇರಲಿ. ಊರುಗೋಲಿನಷ್ಟು ಗಿಡ್ಡ ತಂದರೆ ಕಲ್ಲು ಸಿಕ್ಕಿದ್ದು ಗೊತ್ತಾಗುವ ಹೊತ್ತಿಗೆ ಕಾಲೂ ಅಲ್ಲೇ ಇರುತ್ತದೆ. ಕೋಲು ಹಿಡಿದ ಕೈ ಹೊಕ್ಕುಳಿನ ನೇರಕ್ಕೆ, ಹಿಡಿತ ಸಡಿಲ. ತುದಿ ಎಡಕ್ಕೂ ಬಲಕ್ಕೂ ಭುಜಕ್ಕಿಂತ ಎರಡೆರಡು ಬೆರಳು ಆಚೆ ತಾಗಬೇಕು. ಬಲಗಾಲು ಮುಂದಿಡುವಾಗ ಕೋಲು ಎಡಕ್ಕೆ, ಎಡಗಾಲು ಮುಂದಿಡುವಾಗ ಬಲಕ್ಕೆ. ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಕೋಲು ಮೊದಲೇ ನೋಡಿರಬೇಕು. ಈ ತಾಳ ಎರಡು ದಿನಕ್ಕೇ ತಪ್ಪತೊಡಗುತ್ತದೆ. ತಪ್ಪಿದರೆ ನಿಂತು ಮತ್ತೆ ಶುರುಮಾಡಿ, ನಡೆಯುತ್ತಲೇ ಸರಿಮಾಡಲು ಹೋಗಬೇಡಿ. ಬಿಗಿಯಾಗಿ ಹಿಡಿದರೆ ಚರಂಡಿ ಹಾಸುಗಲ್ಲಿನ ಸಂದಿಗೆ ತುದಿ ಸಿಕ್ಕಿ ಹಿಡಿ ಹೊಟ್ಟೆಗೆ ತಿವಿಯುತ್ತದೆ. ಸೊಂಟದ ಮೇಲಿನದು ಕೋಲಿಗೆ ಸಿಗದು. ಅಂಗಡಿ ಬೋರ್ಡು, ನಿಂತ ಲಾರಿಯ ಹಿಂಭಾಗ ಇರುವ ಕಡೆ ಇನ್ನೊಂದು ಕೈಯನ್ನು ಮುಖದಿಂದ ಒಂದು ಗೇಣು ಮುಂದೆ, ಅಂಗೈ ಹೊರಗೆ ಮಾಡಿ ಹಿಡಿಯಿರಿ.

ದಾರಿ ಕಲಿಯುವಾಗ ಹೆಜ್ಜೆ ಎಣಿಸಬೇಡಿ. ಕೈಯಲ್ಲಿ ಚೀಲವಿದ್ದರೆ, ಮನಸ್ಸಿನಲ್ಲಿ ಹೆದರಿಕೆಯಿದ್ದರೆ ಹೆಜ್ಜೆಯ ಅಳತೆ ಬದಲಾಗುತ್ತದೆ. ಗುರುತು ಹಿಡಿಯಿರಿ. ಮಂಡಕ್ಕಿ ಭಟ್ಟಿಯ ಬಿಸಿ ವಾಸನೆ, ಹಿಟ್ಟಿನ ಗಿರಣಿಯ ಸದ್ದು ಒಳ್ಳೆಯ ಸುಳಿವುಗಳೇ, ಆದರೆ ಗಿರಣಿಗೆ ಕರೆಂಟ್ ಹೋದ ದಿನ ಅದು ಇಲ್ಲ. ಸದಾ ಇರುವ ಗುರುತು ಮೂರಾದರೂ ಬೇಕು: ಕಾಂಕ್ರೀಟ್ ಮುಗಿದು ಡಾಂಬರು ಶುರುವಾಗುವ ಜಾಗ, ಲೈಟ್ ಕಂಬ, ಚರಂಡಿ ಮೇಲಿನ ಇಳಿಜಾರು. ಜೋರು ಮಳೆಯಲ್ಲಿ ಹೊಸ ದಾರಿ ಕಲಿಯಬೇಡಿ. ಗಾಡಿ ಸದ್ದು ಮಳೆಯಲ್ಲಿ ಮುಳುಗುತ್ತದೆ. ಎಲೆಕ್ಟ್ರಿಕ್ ಆಟೋ ಅಂತೂ ಒಣ ದಿನವೂ ಸದ್ದಿಲ್ಲದೆ ಬರುತ್ತದೆ.

ಮೊದಲ ವಾರ ಜೊತೆಗಾರರ ಮೊಣಕೈಯ ಮೇಲೆ ನೀವು ಹಿಡಿದು ಅರ್ಧ ಹೆಜ್ಜೆ ಹಿಂದೆ ನಡೆಯಿರಿ. ಅವರು ನಿಮ್ಮ ರಟ್ಟೆ ಹಿಡಿದು ಮುಂದೆ ತಳ್ಳಬಾರದು. ತಳ್ಳಿದರೆ ಹಳ್ಳ ಮೊದಲು ಸಿಗುವುದು ನಿಮ್ಮ ಕಾಲಿಗೆ. ಇಕ್ಕಟ್ಟು ಬಂದಾಗ ಅವರು ಕೈಯನ್ನು ಬೆನ್ನ ಹಿಂದಕ್ಕೆ ತಂದರೆ ನೀವು ಅವರ ಹಿಂದೆ ಸರಿಯಬೇಕು. ಎರಡನೇ ವಾರ ನೀವು ಕೋಲಿನೊಂದಿಗೆ ಮುಂದೆ, ಅವರು ಎರಡು ಹೆಜ್ಜೆ ಹಿಂದೆ. ಮೂರನೇ ವಾರ ಹತ್ತು ಹೆಜ್ಜೆ ಹಿಂದೆ, ಬಾಯಿ ಮುಚ್ಚಿಕೊಂಡು. ಇದೇ ಎಲ್ಲಕ್ಕಿಂತ ಕಷ್ಟ, ಅದೂ ತಾಯಂದಿರಿಗೆ. ನೀವು ಗೋಡೆಗೆ ಕೋಲು ತಾಗಿಸಿ ತಡವರಿಸುವಾಗ ಅವರು ಓಡಿಬರಬಾರದು; ತಡವರಿಸುವುದೂ ಕಲಿಕೆಯೇ. ನಿಜವಾದ ಅಪಾಯಕ್ಕೆ ಒಂದೇ ಮಾತು: ‘ನಿಲ್ಲಿ’. ‘ಅಯ್ಯೋ, ಹುಷಾರು!’ ಎಂದರೆ ಯಾವ ಕಡೆ ಎಂದು ತಿಳಿಯದೆ ಕಾಲು ತಪ್ಪುತ್ತದೆ. ‘ಅಲ್ಲಿ, ಇಲ್ಲಿ’ ಬೇಡ. ‘ನಿಮ್ಮ ಬಲಕ್ಕೆ ಎರಡು ಹೆಜ್ಜೆ’ ಎನ್ನಲಿ.

ಬೀದಿಯವರಿಂದ ಕೇಳಬೇಕಾದ್ದು ಸ್ವಲ್ಪವೇ. ಬೈಕುಗಳನ್ನು ಒಂದೇ ಬದಿಗೆ ನಿಲ್ಲಿಸುವುದು. ಮಾತಾಡಿಸುವಾಗ ಮೊದಲು ತಮ್ಮ ಹೆಸರು ಹೇಳುವುದು, ಹೊರಡುವಾಗ ‘ಬರ್ತೀನಿ’ ಎನ್ನುವುದು. ಇಲ್ಲದಿದ್ದರೆ ನೀವು ಖಾಲಿ ಜಾಗದ ಜೊತೆ ಮಾತಾಡುತ್ತಿರುತ್ತೀರಿ, ಆ ಅವಮಾನ ಬಹಳ ದಿನ ಕಾಡುತ್ತದೆ. ಅಂಗಡಿಯವರು ಚಿಲ್ಲರೆಯನ್ನು ಕೌಂಟರ್ ಮೇಲಿಡದೆ ಒಂದೊಂದೇ ನೋಟು ಹೇಳಿ ಕೈಗೆ ಕೊಡಲಿ.

ನೋಟಿನ ಉದ್ದವನ್ನೇ ನಂಬಬೇಡಿ: ₹200 ನೋಟು ಹೊಸ ₹100ಕ್ಕಿಂತ 4 ಮಿ.ಮೀ. ಮಾತ್ರ ಉದ್ದ, ₹500 ಅದಕ್ಕಿಂತ ಮತ್ತೆ 4 ಮಿ.ಮೀ. ಅಂಚಿನ ಉಬ್ಬು ಗೆರೆ ₹100ರಲ್ಲಿ ನಾಲ್ಕು, ₹200ರಲ್ಲಿ ನಾಲ್ಕು ಗೆರೆಯ ನಡುವೆ ಎರಡು ವೃತ್ತ, ₹500ರಲ್ಲಿ ಐದು. ಸವೆದ ನೋಟಿನಲ್ಲಿ ಇವು ಬೆರಳಿಗೆ ಸಿಗುವುದಿಲ್ಲ. ಅದಕ್ಕೇ ಮನೆಯಲ್ಲೇ ಮಡಚಿಟ್ಟುಕೊಳ್ಳಿ: ₹100 ಮಡಚದೆ, ₹200 ಅಡ್ಡಕ್ಕೆ ಒಂದು ಮಡಿಕೆ, ₹500 ಉದ್ದಕ್ಕೆ ಒಂದು ಮಡಿಕೆ. ರಿಸರ್ವ್ ಬ್ಯಾಂಕಿನ ಮಣಿ ಆ್ಯಪ್ ನೆಟ್ ಇಲ್ಲದೆಯೂ ನೋಟು ಗುರುತಿಸುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಪರದೆ ಓದಿ ಹೇಳುವ ಟಾಕ್‌ಬ್ಯಾಕ್‌ನಲ್ಲಿ ಒಂದು ಸಲ ಮುಟ್ಟಿದರೆ ಓದುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಯುಪಿಐ ಪಿನ್ ಒತ್ತುವಾಗ ಇಯರ್‌ಫೋನ್ ಹಾಕಿಕೊಳ್ಳಿ.

ಕಾಗದಪತ್ರದ ಕೆಲಸವನ್ನು ಜೊತೆಜೊತೆಗೇ ಮಾಡಿ. ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಅರ್ಜಿ ಆನ್‌ಲೈನ್. ತಪಾಸಣೆ ಸರ್ಕಾರಿ ಆಸ್ಪತ್ರೆಯಲ್ಲಿ. ಹೆಚ್ಚಿನ ಸವಲತ್ತಿಗೆ ಶೇ. 40 ಅಂಗವೈಕಲ್ಯ ಬೇಕು. ಒಂದೇ ಕಣ್ಣು ಹೋಗಿ ಇನ್ನೊಂದು ಚೆನ್ನಾಗಿದ್ದರೆ ಸಿಗುವುದು ಶೇ. 30, ಅದಕ್ಕೇ ಸವಲತ್ತಿನ ಅರ್ಜಿ ನಿಲ್ಲುತ್ತದೆ. ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಿ. ಕೋಲಿನ ತರಬೇತಿಯನ್ನು ದಾವಣಗೆರೆಯಲ್ಲಿ ಅಂಗವಿಕಲರ ಪುನರ್ವಸತಿಗಿರುವ ಸಂಯುಕ್ತ ಪ್ರಾದೇಶಿಕ ಕೇಂದ್ರದಲ್ಲಿ ವಿಚಾರಿಸಿ; ಚಿತ್ರದುರ್ಗದವರಿಗೂ ಅದು ಹತ್ತಿರ.

ಒಂದಲ್ಲ ಒಂದು ದಿನ ಬೀಳುತ್ತೀರಿ. ಗಾಯ ತೊಳೆದು, ಸಾಧ್ಯವಾದರೆ ಮರುದಿನವೇ ಅದೇ ದಾರಿಗೆ ಇಳಿಯಿರಿ, ಜೊತೆಗಾರರು ಹತ್ತು ಹೆಜ್ಜೆ ಹಿಂದಿರಲಿ. ಬಿದ್ದ ಜಾಗಕ್ಕೆ ಬಂದಾಗ ನಿಂತು ಕೋಲಾಡಿಸಿ ನೋಡಿ: ಭುಜ ತಾಗಿದ್ದರೆ ಕೋಲಿನ ಬೀಸು ಕಿರಿದಾಗಿತ್ತು, ಕಾಲು ಎಡವಿದ್ದರೆ ಹೆಜ್ಜೆ ಕೋಲಿಗಿಂತ ಮುಂದೆ ಹೋಗಿತ್ತು, ಹಾಸುಗಲ್ಲೇ ಇಲ್ಲದಿದ್ದರೆ ತಪ್ಪು ನಿಮ್ಮದಲ್ಲ. ಅದನ್ನು ಬೀದಿಯವರೆಲ್ಲ ಸೇರಿ ಪಾಲಿಕೆಗೆ ಬರೆದುಕೊಡಿ. ಕಲ್ಲು ಕೂರುವವರೆಗೆ ಎದುರುಮನೆಯವರು ಅಲ್ಲೊಂದು ಕಲ್ಲುಚಪ್ಪಡಿಯನ್ನಾದರೂ ಮುಚ್ಚಿಡಲಿ.